ಗುಂಡು ಫ್ರೇಮಿನ ಕನ್ನಡಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಈಗ ಅದೇ ಮೂಗಿನ ಮೇಲೆ ಅವಳ ಕನ್ನಡಕದ ಫ್ರೇಮು ಕೂತಿದೆ. ಗುಂಡನೆಯ ಸ್ಟೀಲಿನ ಫ್ರೇಮು. ಅದಕ್ಕೆ ನನ್ನ ಗಾಜು ಹಾಕಿಸಿಕೊಂಡು ಓಡಾಡುತ್ತೇನೆ. ನೋಡಿದವರು ಇದೇನು ಹೆಂಗಸರ ಕನ್ನಡಕ ಎನ್ನುತ್ತಾರೆ. ಅನ್ನಲಿ.

ಈ ಮಾತು ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಅವಳು ತೀರಿಹೋಗಿ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಅದರಲ್ಲಿ ನಾನೊಬ್ಬ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಹರಿಹರದ ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ನನ್ನದು ಇನ್‌ಸ್ಪೆಕ್ಷನ್ ಬೆಂಚು. ಬೇರೆಯವರು ಲೇತಿನಲ್ಲಿ ಮಾಡಿದ ಬಿಡಿಭಾಗಗಳನ್ನು ವರ್ನಿಯರ್ ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಪೆನ್ಸಿಲಿನಿಂದ ಕತ್ತರಿ ಗುರುತು ಹಾಕಿ ಪಕ್ಕಕ್ಕೆ ಎಸೆಯುವುದು. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದೆ. ಹೊಸದಾಗಿ ಬಂದ ಫಿಟ್ಟರುಗಳಿಗೆ ನಾನು ಮೊದಲು ಹೇಳುತ್ತಿದ್ದುದು ಒಂದೇ ಮಾತು: ‘ಗುರ್ತು ಹಾಕದ ಏನನ್ನೂ ಬಿಚ್ಚಬ್ಯಾಡ್ರಿ.’ ಎರಡು ಭಾಗ ಸೇರುವ ಕಡೆ ಎರಡರ ಮೇಲೂ ಒಂದೊಂದು ಚುಕ್ಕೆ ಕುಟ್ಟಿ ಬಿಚ್ಚಿದರೆ, ತಿರುಗಿ ಜೋಡಿಸುವಾಗ ಚುಕ್ಕೆಗೆ ಚುಕ್ಕೆ ಕೂಡಿಸಿದರೆ ಆಯಿತು. ಮರೆತವರಿಗೆ ನಾನು ಬಯ್ಯುತ್ತಿದ್ದ ಬೈಗುಳ ಇಡೀ ಶಾಪಿಗೆ ಕೇಳುತ್ತಿತ್ತು.

ಹಗಲಿಗೆ ಆ ಬೆಂಚು, ಸಂಜೆಗೆ ಒಂದು ಸ್ಟೂಲು. ಹೆಂಡತಿ ಹೋದ ಮೇಲೆ ನನಗೆ ಕೂರಲು ಅಂತ ಇದ್ದದ್ದು ಆ ಎರಡು ಜಾಗ ಮಾತ್ರ.

ಸ್ಟೂಲು ಇದ್ದದ್ದು ಮಂಡಿಪೇಟೆಯ ಅಡ್ಡರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ. ಅವಳು ತನ್ನ ಕನ್ನಡಕ ಮಾಡಿಸಿದ್ದು ಅಲ್ಲೇ. ಅವಳು ಹೋಗಿ ತಿಂಗಳಾದ ಮೇಲೆ ಒಂದು ದಿನ ಕಪಾಟು ತೆಗೆದಾಗ ಆ ಕನ್ನಡಕ ಸಿಕ್ಕಿತು. ಕಿವಿಯ ಕಡ್ಡಿಯ ಸ್ಕ್ರೂ ಬಿದ್ದುಹೋಗಿತ್ತು. ನನ್ನ ಕೈಗೆ ಒಂದು ಸ್ಕ್ರೂ ಹಾಕುವುದು ದೊಡ್ಡ ಮಾತೇ? ಆದರೂ ಯಾಕೋ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವನು ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಅವಳು ಇಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ‘ಇದನ್ನ ಇನ್ಯಾರು ಹಾಕ್ಕೊಳ್ಳೋರು’ ಎಂದು ಅವನು ಕೇಳಲಿಲ್ಲ. ಸ್ಕ್ರೂ ಹಾಕಿದ, ಗಾಜು ಒರೆಸಿದ, ಕೌಂಟರಿನ ಒಳಗಿನಿಂದ ಒಂದು ಸ್ಟೂಲು ಎಳೆದು, ‘ಕೂಡ್ರಿ ಅಣ್ಣಾ’ ಎಂದ. ಆವತ್ತಿನಿಂದ ದಿನಾ ಸಂಜೆ ಬಸ್ಸಿಳಿದವನು ಸೀದಾ ಅಲ್ಲಿಗೇ ಹೋಗುತ್ತಿದ್ದೆ.

ಎದುರಿಗೆ ಒಂದು ಸಣ್ಣ ಹೋಟೆಲು. ನಾನು ಹೋಗಿ ಕೂತ ಕೂಡಲೇ ಅವನು ಹೊರಗೆ ಬಾಗಿ ಎರಡು ಬೆರಳು ಎತ್ತುತ್ತಿದ್ದ. ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚಿ ಹೋಟೆಲಿನವನು ತಂದಿಡುತ್ತಿದ್ದ. ಬೈಟು. ದೊಡ್ಡ ಗಿರಾಕಿ ಬಂದರೆ ಮಾತ್ರ ಅಂಗಡಿಯವನು ಒಂದು ಬೆರಳು ಎತ್ತುತ್ತಿದ್ದ, ಅಂದರೆ ಇಡೀ ಲೋಟ, ಅದು ಗಿರಾಕಿಗೆ. ಗಿರಾಕಿಗೆ ಇಡೀ ಲೋಟ, ಮನೆಯವರಿಗೆ ಬೈಟು. ಇದು ಅವನ ಅಂಗಡಿಯ ಪದ್ಧತಿ. ಆ ಅರ್ಧ ಲೋಟ ಹಿಡಿದು ನಾವು ಏನು ಮಾತಾಡುತ್ತಿದ್ದೆವು ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಕರೆಂಟು ಹೋದದ್ದು, ಮಂಡಕ್ಕಿ ಮೆತ್ತಗಾದದ್ದು. ಆದರೆ ದಿನದಲ್ಲಿ ನನ್ನನ್ನು ಯಾರಾದರೂ ‘ಅಣ್ಣಾ’ ಎನ್ನುತ್ತಿದ್ದದ್ದು ಅಲ್ಲಿ ಮಾತ್ರ.

ಆ ವರ್ಷ ನನ್ನ ಬಲಗಣ್ಣಿಗೆ ಪೊರೆ ಬಂತು. ಎಡಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೇ, ನಾನು ದುಡಿದದ್ದೆಲ್ಲ ಬಲಗಣ್ಣಿನ ಮೇಲೆಯೇ. ಒಂದು ದಿನ ಕತ್ತರಿ ಗುರುತು ಹಾಕಬೇಕಾದ ಮಾಲನ್ನು ಪಾಸು ಮಾಡಿ ಕಳಿಸಿಬಿಟ್ಟೆ. ಅದು ವಾಪಸು ಬಂತು. ಫೋರ್‌ಮನ್ ಆ ಮಾಲನ್ನು ನನ್ನ ಬೆಂಚಿನ ಮೇಲಿಟ್ಟು ಹೋದರು. ಬೈದಿದ್ದರೆ ವಾಸಿ ಇತ್ತು. ಮೂರು ತಿಂಗಳು ರಜೆ ಕೊಟ್ಟರು. ಅಷ್ಟರಲ್ಲಿ ಆಪರೇಷನ್ ಮುಗಿಸಿಕೊಂಡು ಬಂದು ಕಣ್ಣಿನ ಪರೀಕ್ಷೆ ಪಾಸಾದರೆ ಬೆಂಚು, ಇಲ್ಲದಿದ್ದರೆ ಗೇಟಿನಲ್ಲಿ ಕೂತು ಒಳಗೆ ಬರುವ ಲಾರಿಗಳ ಚೀಟಿ ನೋಡುವ ಕೆಲಸ.

ಎಂ.ಸಿ.ಸಿ. ಬಡಾವಣೆಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಆಪರೇಷನ್. ‘ಜೊತೆಗೆ ಯಾರು ಬಂದಾರೆ?’ ಎಂದು ನರ್ಸಮ್ಮ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವನು ‘ನಾನು’ ಎಂದ. ಅವನು ಅರ್ಧ ದಿನ ಅಂಗಡಿ ಮುಚ್ಚಿ ಬಂದಿದ್ದ. ಒಪ್ಪಿಗೆಯ ಹಾಳೆಯಲ್ಲಿ ರೋಗಿಗೆ ಏನಾಗಬೇಕು ಎನ್ನುವ ಕಡೆ ‘ತಮ್ಮ’ ಎಂದು ಬರೆದು ಸಹಿ ಹಾಕಿದ. ನಾನು ನೋಡಿದೆ. ಇಂಥ ಹೊತ್ತಿನಲ್ಲಿ ಏನನ್ನಬೇಕು ಎಂದು ನನಗೆ ಎಂದೂ ತಿಳಿದಿಲ್ಲ.

ಮೊದಲ ಹತ್ತು ದಿನ ಅಂಗಡಿ ತೆಗೆಯುವ ಮುಂಚೆ ಅವನು ಮೊಪೆಡ್ಡಿನಲ್ಲಿ ಮನೆಗೆ ಬಂದು ಕಣ್ಣಿಗೆ ಹನಿ ಹಾಕಿ ಹೋಗುತ್ತಿದ್ದ. ಉಳಿದ ಹೊತ್ತಿನದನ್ನು ನಾನೇ ಹಾಕಿಕೊಳ್ಳಬೇಕು. ಅಂಗಾತ ಮಲಗಿ, ಶೀಸೆ ಬೋರಲು ಹಿಡಿದು, ಸೂರಿನ ಕಡೆ ನೋಡುತ್ತಾ ಕಾಯುವುದು. ಅರ್ಧ ಔಷಧ ಕಿವಿಗೆ ಇಳಿಯುತ್ತಿತ್ತು. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು. ಬಿದ್ದ ಚಮಚ ಎತ್ತಿಕೊಡುವವರೂ ಮನೆಯಲ್ಲಿಲ್ಲ. ಹಾಗೇ ನೆಲದ ಮೇಲೆ ಮೂರು ಚಮಚ, ಒಂದು ಟವೆಲು ವಾರಗಟ್ಟಲೆ ಬಿದ್ದಿದ್ದವು. ಅವುಗಳನ್ನು ನೋಡಿದಾಗೆಲ್ಲ ನನ್ನ ಮೇಲೆ ನನಗೇ ಮರುಕ ಬರುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು.

ಪೊರೆ ಹೋಗಿ ಬಣ್ಣಗಳೇನೋ ಹೊಸದಾಗಿ ಕಂಡವು. ಆದರೆ ಅಂಚುಗಳೆಲ್ಲ ಕಲಸಿಹೋಗಿದ್ದವು. ಅದು ಮೊದಲು ಗೊತ್ತಾದದ್ದು ಲಿಂಗಪೂಜೆಯ ಹೊತ್ತಿನಲ್ಲಿ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು ದೃಷ್ಟಿ ಇಡುವುದು ಹುಟ್ಟಿನಿಂದ ಬಂದ ರೂಢಿ. ಎದುರಿಗೆ ಒಂದು ಸಣ್ಣ ದೀಪ ಹಚ್ಚಿಟ್ಟರೆ ಲಿಂಗದ ಕಪ್ಪು ಹೊಳಪಿನಲ್ಲಿ ಅದು ಸಾಸಿವೆಯಷ್ಟು ಚುಕ್ಕೆಯಾಗಿ ಕಾಣುತ್ತದೆ. ನೋಟ ನಿಲ್ಲಿಸುವುದು ಆ ಚುಕ್ಕೆಯ ಮೇಲೆ. ಈಗ ನೋಡಿದರೆ ಚುಕ್ಕೆಯೇ ಇಲ್ಲ. ಅದರ ಜಾಗದಲ್ಲಿ ಒಂದು ಓರೆ ಗೆರೆ, ಬೆರಳಿನಿಂದ ಒರೆಸಿ ಎಳೆದ ಹಾಗೆ.

ಡಾಕ್ಟರಮ್ಮ ನೋಡಿ, ‘ಹೊಲಿಗೆ ಬಿಗಿ ಆಗಿದೆ, ಅದು ಕಣ್ಣಿನ ಗುಡ್ಡೆಯನ್ನ ಒಂದು ಕಡೆ ಎಳೀತಿದೆ. ಪೂರ್ತಿ ಗುಂಡಗೆ ಉಳಿದಿಲ್ಲ ನೋಡ್ರಿ’ ಎಂದರು. ಇದು ನನಗೆ ತಟ್ಟನೆ ಅರ್ಥವಾಯಿತು. ತೆಳು ಉಂಗುರವನ್ನು ಲೇತಿನ ಚಕ್ಕಿನ ಹಿಡಿತದಲ್ಲಿ ಅತಿಯಾಗಿ ಬಿಗಿದರೆ ಅದು ಗುಂಡಗೆ ಉಳಿಯುವುದಿಲ್ಲ. ‘ಹಂಗಾದ್ರೆ ಸ್ವಲ್ಪ ಸಡ್ಲ ಮಾಡ್ರಿ’ ಎಂದೆ. ಅವರು ನಕ್ಕು ಎರಡು ಹೊಲಿಗೆ ತೆಗೆದರು. ಗೆರೆ ಕುಗ್ಗಿತು, ಹೋಗಲಿಲ್ಲ. ಕೆಲವು ವಾರ ಬಿಟ್ಟು ಉಳಿದದ್ದಕ್ಕೆ ಕನ್ನಡಕ ಬರೆದುಕೊಟ್ಟರು. ಚೀಟಿಯಲ್ಲಿ ಸಿಲಿಂಡರ್ ಇಷ್ಟು, ಆಕ್ಸಿಸ್ ಇಷ್ಟು ಎಂದು ಇತ್ತು. ಗಾಜಿನಲ್ಲಿ ಒಂದು ದಿಕ್ಕಿಗೆ ಮಾತ್ರ ಪವರ್ ಇರುತ್ತದೆ, ಆ ದಿಕ್ಕು ಕಣ್ಣಿನ ಓರೆಗೆ ಸರಿಯಾಗಿ ಕೂರಬೇಕು ಎಂದು ಅವರೇ ತಿಳಿಸಿ ಹೇಳಿದರು.

ಚೀಟಿಯ ಜೊತೆಗೆ ನಾನು ಅವಳ ಫ್ರೇಮನ್ನೂ ಅಂಗಡಿಗೆ ಒಯ್ದೆ.

‘ಇದು ಬ್ಯಾಡ್ರಿ ಅಣ್ಣಾ’ ಎಂದ ಅವನು. ‘ಗುಂಡು ಫ್ರೇಮು. ಗಾಜು ಒಳಗೇ ತಿರುಗ್ತೈತೆ. ಆಕ್ಸಿಸ್ ಹೋತು ಅಂದ್ರೆ ಎಲ್ಲಾ ಹೋತು. ಚೌಕದ್ದು ತಗೊಳ್ರಿ.’

‘ಸ್ಕ್ರೂ ಬಿಗಿಯಾಗಿ ಹಾಕಿದ್ರ ಹೆಂಗ ತಿರುಗ್ತೈತೆ? ನನಗೆ ಹೇಳ್ಕೊಡ್ತೀಯೇನು?’

ಅವನು ಫ್ರೇಮನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅದು ಯಾರದು ಎಂದು ಅವನಿಗೆ ಗೊತ್ತಿತ್ತಲ್ಲ. ‘ಆತು. ಹಾಕಿ ಕೊಡ್ತೀನಿ. ಆದ್ರ ಒಂದು ಮಾತು. ಏನಾರ ಆದ್ರ ನನ್ನ ಹತ್ರ ತರ್ರಿ. ನೀವು ಬಿಚ್ಚಾಕ ಹೋಗ್ಬ್ಯಾಡ್ರಿ.’

ಎರಡು ದಿನ ಬಿಟ್ಟು ಕನ್ನಡಕ ಬಂತು. ಮರುದಿನ ಬೆಳಿಗ್ಗೆ ಲಿಂಗ ಹಿಡಿದು ನೋಡಿದರೆ ದೀಪ ಮತ್ತೆ ಚುಕ್ಕೆಯಾಗಿ ಕೂತಿತ್ತು. ಎಷ್ಟು ವರ್ಷಕ್ಕೆ ಹೀಗೆ ಕಂಡಿತ್ತೋ. ಕಣ್ಣಲ್ಲಿ ನೀರು ತುಂಬಿ ಚುಕ್ಕೆ ಮತ್ತೆ ಕಲಸಿಹೋಯಿತು. ಒರೆಸಿಕೊಂಡು ನೋಡಿದೆ, ಇತ್ತು. ಸಂಜೆ ಅವನಿಗೆ ಹೇಳಿದೆ. ಅವನು ಹೋಟೆಲಿನ ಕಡೆ ಎರಡು ಬೆರಳು ಎತ್ತಿದ.

ಎಲ್ಲಾ ಸರಿಯಾಗಿತ್ತು. ಕೆಡಿಸಿದ್ದು ನನ್ನ ಕೈ.

ಹಣೆಯ ವಿಭೂತಿ ಉದುರುತ್ತದೆ. ಉದುರಿದ್ದು ಕನ್ನಡಕದ ಮೇಲೆ ಬಿದ್ದು ಫ್ರೇಮಿನ ಸಂದಿಯಲ್ಲಿ ಕೂರುತ್ತದೆ. ಎರಡು ವಾರದಲ್ಲಿ ಗಾಜಿನ ಸುತ್ತ ಬೂದು ಬಣ್ಣದ ಗೆರೆ ಕಟ್ಟಿತು. ಇಪ್ಪತ್ತೆಂಟು ವರ್ಷ ಭಾನುವಾರ ಭಾನುವಾರ ನನ್ನ ಉಪಕರಣಗಳನ್ನೆಲ್ಲ ಬಿಚ್ಚಿ ಒರೆಸಿ ಎಣ್ಣೆ ಹಚ್ಚಿಟ್ಟವನು ನಾನು. ಸಂದಿಯಲ್ಲಿ ಪುಡಿ ಕಂಡರೆ ನನಗೆ ಊಟ ಸೇರುವುದಿಲ್ಲ. ಭಾನುವಾರ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಬಿಚ್ಚಿದೆ, ಗಾಜು ಹೊರಗೆ ತೆಗೆದು ತೊಳೆದೆ, ಒರೆಸಿದೆ, ಮತ್ತೆ ಕೂರಿಸಿ ಬಿಗಿದೆ. ಅವನ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇದು ಬಿಚ್ಚುವುದಲ್ಲ, ತೊಳೆಯುವುದು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಭಾನುವಾರವೂ ಹಾಗೇ ಮಾಡಿದೆ.

ಸೋಮವಾರ ಲಿಂಗದ ಮೇಲೆ ಗೆರೆ ವಾಪಸು ಬಂದಿತ್ತು. ಈ ಸಲ ಇನ್ನೊಂದು ಕಡೆಗೆ ಓರೆ. ನಿದ್ದೆ ಸಾಲದು ಎಂದುಕೊಂಡೆ. ಮಂಗಳವಾರವೂ ಗೆರೆ. ಮನೆಯಲ್ಲಿದ್ದ ಹಳೆ ವರ್ನಿಯರ್ ತೆಗೆದು ನೋಡಿದರೆ ಒಂದು ಗೀಟಿನ ಪಕ್ಕ ಇನ್ನೊಂದು ಗೀಟು, ಯಾವುದು ನಿಜ, ಯಾವುದು ನೆರಳು ತಿಳಿಯದು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಗೇಟಿನ ಪಕ್ಕದ ಆ ಸಣ್ಣ ಗೂಡು ಕಣ್ಣ ಮುಂದೆ ಬಂತು. ಹೆದರಿಕೆ ನನ್ನಲ್ಲಿ ಹೆಚ್ಚು ಹೊತ್ತು ಹೆದರಿಕೆಯಾಗಿ ಉಳಿಯುವುದಿಲ್ಲ, ಸಿಟ್ಟಾಗುತ್ತದೆ. ಸಿಟ್ಟಿಗೆ ಒಬ್ಬ ಮನುಷ್ಯ ಬೇಕು. ನನಗೆ ಇದ್ದವನು ಒಬ್ಬನೇ.

ಸಂಜೆ ಅಂಗಡಿಗೆ ಹೋದೆ. ನಾಲ್ಕು ಜನ ಗಿರಾಕಿಗಳಿದ್ದರು. ಅವನು ಎಂದಿನಂತೆ ಸ್ಟೂಲು ಎಳೆದ. ನಾನು ಕೂರಲಿಲ್ಲ.

‘ಎಂಥ ಗಾಜು ಹಾಕಿಯೋ? ಎಲ್ಲಾ ಎರಡೆರಡು ಕಾಣಾಕತ್ತೈತೆ.’

‘ಯಾಕ ಅಣ್ಣಾ, ಮೊನ್ನೆ ಸರಿ ಇತ್ತಲ್ಲ. ಕೊಡ್ರಿ, ನೋಡ್ತೀನಿ’ ಎಂದು ಅವನು ಕೈ ಚಾಚಿದ. ಆಮೇಲೆ ದನಿ ತಗ್ಗಿಸಿ, ‘ಬಿಚ್ಚಿದ್ರೇನು?’ ಎಂದ.

ಆ ಒಂದು ಪ್ರಶ್ನೆ. ಗಿರಾಕಿಗಳಿಗೆ ಕೇಳಿಸಬಾರದು ಎಂದೇ ಅವನು ಮೆಲ್ಲಗೆ ಕೇಳಿದ್ದ. ನನಗೆ ಮಾತ್ರ ಅದು ಮೈಯೆಲ್ಲ ಉರಿದುಹೋಗುವಂತೆ ಕೇಳಿಸಿತು.

‘ಇಲ್ಲ’ ಎಂದೆ. ‘ನಾನ್ಯಾಕ ಬಿಚ್ಲಿ?’

‘ಸರಿ, ಕೊಡ್ರಿ ಇಲ್ಲಿ.’

‘ನಿನ್ನ ಕೈಗೆ ಕೊಟ್ಟು ಮತ್ತೊಮ್ಮೆ ಹಾಳು ಮಾಡಿಸ್ಕೊಳ್ಳಾ? ಆಕ್ಸಿಸ್ ಅಂದ್ರ ಏನು ಅಂತ ಗೊತ್ತೈತೇನು ನಿನಗ?’ ಗಿರಾಕಿಗಳ ಕಡೆ ತಿರುಗಿದೆ. ‘ಇಲ್ಲಿ ಮಾಡಿಸ್ಬ್ಯಾಡ್ರಿ. ಇದ್ದ ಕಣ್ಣೂ ಹೋಗ್ತಾವ.’

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಅಂಗಿಯ ಜೇಬಿನಲ್ಲಿ ಎಂದಿನಂತೆ ಕೆಂಪು ಪೆನ್ಸಿಲ್ ಇತ್ತು. ಅದನ್ನು ತೆಗೆದು ಅವನ ಕೌಂಟರಿನ ಗಾಜಿನ ಮೇಲೆ ದೊಡ್ಡದಾಗಿ ಕತ್ತರಿ ಗುರುತು ಎಳೆದೆ. ‘ರಿಜೆಕ್ಟ್’ ಎಂದೆ. ಅವನು ಆ ಗುರುತನ್ನು ನೋಡಿದ, ನನ್ನನ್ನು ನೋಡಲಿಲ್ಲ. ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ. ನಾನು ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಇಳಿದು ಬಂದೆ.

ಆಮೇಲಿನ ಎಂಟು ದಿನ ಹೇಗೆ ಕಳೆದವು ಎಂದು ಹೇಳುವುದೇ ಕಷ್ಟ. ಬೆಳಿಗ್ಗೆ ಹಾಲಿನವಳಿಗೆ ‘ಅರ್ಧ ಲೀಟರ್’ ಎನ್ನುವುದು ಬಿಟ್ಟರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಸಂಜೆ ಆರಾಗುತ್ತಲೇ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಲ್ಲುತ್ತಿದ್ದೆ. ಒಳಗೆ ಬಂದು ಚಹಾ ಮಾಡಿಕೊಂಡರೆ ಅರ್ಧ ಲೋಟಕ್ಕೇ ಸಾಕಾಗಿ ಉಳಿದದ್ದನ್ನು ಚೆಲ್ಲುತ್ತಿದ್ದೆ. ಅವನಾದರೂ ಬರಬಹುದು ಎಂದು ಕಾದೆ. ಕಣ್ಣಿಗೆ ಹನಿ ಹಾಕಲು ಬಂದವನಲ್ಲವೇ! ಮೊಪೆಡ್ ಸದ್ದು ಕೇಳಿದಾಗೆಲ್ಲ ಕಿಟಕಿಗೆ ಹೋದೆ. ಅವನು ಬರಲಿಲ್ಲ. ಯಾಕೆ ಬರಬೇಕು?

ಪರೀಕ್ಷೆಗೆ ಎರಡು ದಿನ ಇರುವಾಗ ಬೆಳಿಗ್ಗೆ ಪೂಜೆಗೆ ಕೂತೆ. ಎಡ ಅಂಗೈಯಲ್ಲಿ ಲಿಂಗ, ಎದುರಿಗೆ ದೀಪ, ಲಿಂಗದ ಮೇಲೆ ಅದೇ ಓರೆ ಗೆರೆ. ಎರಡು ಸಲ ಬಿಚ್ಚಿದ್ದಕ್ಕೆ ಸ್ಕ್ರೂವಿನ ಹಿಡಿತ ಹೋಗಿತ್ತು, ಬಲಗಣ್ಣಿನ ಗಾಜು ಸಡಿಲವಾಗಿ ಅಲ್ಲಾಡುತ್ತಿತ್ತು. ಕನ್ನಡಕ ಹಾಕಿಕೊಂಡಿದ್ದ ಹಾಗೇ ಬಲಗೈಯಿಂದ ಅದನ್ನು ಒಳಕ್ಕೆ ಒತ್ತಲು ಹೋದೆ. ಹೆಬ್ಬೆರಳಿನ ಕೆಳಗೆ ಗಾಜು ಸ್ವಲ್ಪ ತಿರುಗಿತು. ಅದರ ಜೊತೆಗೆ ಲಿಂಗದ ಮೇಲಿನ ಗೆರೆಯೂ ತಿರುಗಿತು.

ಇನ್ನಷ್ಟು ತಿರುಗಿಸಿದೆ. ಗೆರೆ ಗಿಡ್ಡವಾಯಿತು. ಇನ್ನೊಂದು ಕೂದಲೆಳೆಯಷ್ಟು. ಚುಕ್ಕೆ. ಸಾಸಿವೆ ಕಾಳಿನಷ್ಟು ಚುಕ್ಕೆ, ಅದರ ಜಾಗದಲ್ಲಿ.

ಪೂಜೆ ಅಲ್ಲಿಗೇ ನಿಂತಿತು. ಗಾಜಿನಲ್ಲಿ ತಪ್ಪಿರಲಿಲ್ಲ, ಕಣ್ಣಿನಲ್ಲಿ ತಪ್ಪಿರಲಿಲ್ಲ. ಗುರುತು ಹಾಕದೆ ಬಿಚ್ಚಿ, ಕಂಡ ಹಾಗೆ ಕೂರಿಸಿದವನು ನಾನು. ಯಾವ ಹೊಸ ಫಿಟ್ಟರು ಹೀಗೆ ಮಾಡಿದ್ದರೂ ನಾನು ಅವನ ವಂಶವನ್ನೆಲ್ಲ ಎತ್ತಿ ಆಡುತ್ತಿದ್ದೆ. ನನಗೆ ಅಸಹ್ಯವಾಯಿತು. ಅದೂ ತಪ್ಪು ಮಾಡಿದ್ದಕ್ಕಲ್ಲ, ‘ಇಲ್ಲ’ ಎಂದು ಅವನ ಮುಖ ನೋಡಿ ಹೇಳಿದ್ದಕ್ಕೆ. ಗಾಜು ಅಲುಗದಂತೆ ಹಿಡಿದು, ಸ್ಕ್ರೂವಿಗೆ ನೂಲಿನ ಎಳೆ ಸುತ್ತಿ ಬಿಗಿದೆ.

ಹರಿಹರದಲ್ಲಿ ಪರೀಕ್ಷೆ ಹತ್ತು ನಿಮಿಷದ್ದು. ಕಂಪನಿ ಡಾಕ್ಟರು ಗೋಡೆಯ ಅಕ್ಷರ ಓದಿಸಿದರು. ಫೋರ್‌ಮನ್ ಅಳೆಯಲು ಒಂದು ಹಿತ್ತಾಳೆ ಬುಷ್ ಕೊಟ್ಟು ವರ್ನಿಯರ್ ಕೈಗಿಟ್ಟರು. ಗೀಟಿಗೆ ಗೀಟು ಕೂಡಿದ್ದು ಸ್ಪಷ್ಟವಾಗಿ ಕಂಡಿತು. ಅಳತೆ ಹೇಳಿದೆ. ‘ಆತು, ನಿಮ್ಮ ಬೆಂಚಿಗೆ ನಡೀರಿ’ ಎಂದರು. ಅಷ್ಟೇ. ಬೆಂಚಿನ ಮೇಲೆ ಮೂರು ತಿಂಗಳ ಧೂಳು ಕೂತಿತ್ತು. ಒರೆಸುತ್ತಾ ಒರೆಸುತ್ತಾ, ಇದನ್ನು ಯಾರಿಗೆ ಹೇಳಲಿ ಎಂದುಕೊಂಡೆ. ಹೇಳಬೇಕಾದವನು ಒಬ್ಬನೇ ಇದ್ದ.

ಸಂಜೆ ಬಸ್ಸಿಳಿದು ಮಂಡಿಪೇಟೆಗೆ ಹೋದೆ. ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಸ್ಟೂಲಿನ ಮೇಲೆ ಫ್ರೇಮಿನ ರಟ್ಟಿನ ಡಬ್ಬಗಳನ್ನು ಜೋಡಿಸಿಟ್ಟಿದ್ದ. ನನ್ನನ್ನು ನೋಡಿ ಅವನು ಎದ್ದು ನಿಂತ.

‘ಬರ್ರಿ ಸಾರ್, ಕೂಡ್ರಿ’ ಎಂದು ಗಿರಾಕಿಗಳ ಬೆಂಚು ತೋರಿಸಿದ.

ಸಾರ್. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಅರ್ಧ ಅಲ್ಲೇ ಮರೆತುಹೋದವು. ‘ತಮ್ಮಾ, ಅವತ್ತು ನಾನು ಸುಳ್ಳು ಹೇಳ್ದೆ’ ಎಂದೆ. ‘ಬಿಚ್ಚಿದ್ದೆ. ಎರಡು ಸಲ ಬಿಚ್ಚಿದ್ದೆ. ತಪ್ಪಾತು.’

‘ಇರ್ಲಿ ಬಿಡ್ರಿ. ಕೊಡ್ರಿ, ಒಂದ್ಸಲ ನೋಡಿಬಿಡ್ತೀನಿ.’ ಕನ್ನಡಕವನ್ನು ಗಾಜು ಅಳೆಯುವ ತನ್ನ ಮಿಷನ್ನಿನಲ್ಲಿಟ್ಟು ಬಗ್ಗಿ ನೋಡಿದ. ‘ಸರಿ ಐತ್ರಿ. ಗುರ್ತಿಗೆ ಸರಿಯಾಗೇ ಕೂತೈತೆ.’

‘ಯಾವ ಗುರ್ತು?’

ಅವನು ಭೂತಗನ್ನಡಿ ಕೊಟ್ಟ. ಗಾಜಿನ ಅಂಚಿನಲ್ಲಿ, ಕಿವಿಯ ಕಡ್ಡಿಯ ಹತ್ತಿರ, ಸೂಜಿಮೊನೆಯಷ್ಟು ಒಂದು ಗೀರು. ಅದಕ್ಕೆ ಎದುರಾಗಿ ಫ್ರೇಮಿನ ಮೇಲೆ ಇನ್ನೊಂದು. ಎರಡೂ ಒಂದರ ಮುಂದೊಂದು ನಿಂತಿದ್ದವು.

‘ಇದು ಯಾವಾಗ ಹಾಕಿದ್ದು?’

‘ಮೊದಲ್ನೇ ದಿನಾನೇ. ನೀವು ಬಿಚ್ಚದ ಇರೋರಲ್ಲ ಅಂತ ಗೊತ್ತಿತ್ರಿ.’ ಕನ್ನಡಕ ಒರೆಸುತ್ತಾ ಅವನು ಹೇಳಿದ. ‘ಅವತ್ತು ಕೈ ಚಾಚಿದ್ದು ಅದನ್ನ ತೋರ್ಸಾಕೇ. ನೀವು ಕೊಡ್ಲಿಲ್ಲ.’

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನ್ನ ಬುದ್ಧಿಯನ್ನು ಬಲ್ಲವನು, ಬಲ್ಲವನಾಗಿಯೇ ನನಗಾಗಿ ಗುರುತು ಹಾಕಿಟ್ಟವನು ಈ ಲೋಕದಲ್ಲಿ ಒಬ್ಬನಿದ್ದ. ಇಡೀ ದಿನ ಗುರುತು ಹಾಕುವ ಕೆಲಸ ಮಾಡುವ ನನಗೆ ಅದು ಕಾಣಲಿಲ್ಲ. ಕೌಂಟರಿನ ಗಾಜು ಶುಭ್ರವಾಗಿತ್ತು. ಕೆಂಪು ಗೆರೆ ಯಾವತ್ತೋ ಒರೆಸಿದ್ದ. ಆದರೂ ನನ್ನ ಕಣ್ಣು ಮತ್ತೆ ಮತ್ತೆ ಆ ಜಾಗಕ್ಕೇ ಹೋಗುತ್ತಿತ್ತು. ಬೆಂಚು ಸಿಕ್ಕಿತು ಎಂದು ಹೇಳಿದೆ. ‘ಒಳ್ಳೇದಾತು ಸಾರ್’ ಎಂದ.

ಬಂದ ಕೆಲಸ ಮುಗಿದಿತ್ತು. ಆದರೂ ನಾನು ಆ ಬೆಂಚಿನಿಂದ ಏಳಲಿಲ್ಲ. ಅವನು ಹೊರಗೆ ಬಾಗಿ ಹೋಟೆಲಿನ ಕಡೆ ಕೈ ಎತ್ತಿದ. ನಾನು ಕನ್ನಡಕ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತಿದ್ದೆ. ಈಗ ನನಗೆ ಯಾವುದೂ ಎರಡೆರಡಾಗಿ ಕಾಣುತ್ತಿರಲಿಲ್ಲ. ಅವನು ಎತ್ತಿದ್ದು ಒಂದೇ ಬೆರಳು.

ಹೋಟೆಲಿನವನು ತುಂಬಿದ ಲೋಟ ತಂದು ನನ್ನ ಮುಂದಿಟ್ಟು ಹೋದ. ‘ಕುಡೀರಿ ಸಾರ್’ ಎಂದು ಅಂಗಡಿಯವನು ಒಳಗೆ ಹೋಗಿ ಡಬ್ಬಗಳನ್ನು ಎಣಿಸಲು ನಿಂತ. ನಾನು ಲೋಟ ಎತ್ತಿಕೊಂಡೆ. ಅದನ್ನು ಕುಡಿದು ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.